ಹಳೇ ಪಿಕಪ್ಪಿಗೊಂದು ಸೈಲೆನ್ಸರ್

ಕೆಟ್ಟುಹೋದ ರೇಡಿಯೊ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದು ಸದಾ ನನ್ನ ಅಂಗಿ ಜೇಬಿನಲ್ಲಿ ಇರುತ್ತದೆ. ಸ್ಟೀಲ್ ಅಂತ ಹೇಳಿ ಯಾರು ಏನು ಮಾರಲು ಬಂದರೂ ಮೊದಲು ಅದನ್ನು ತಾಗಿಸುತ್ತೇನೆ. ಅಂಟಿತೋ, ಮೋಸ. ಅಂಟಲಿಲ್ಲವೋ, ಇನ್ನೇನೋ ಮೋಸ ಇರಬೇಕು, ಹುಡುಕಬೇಕು. ನಮ್ಮವಳು ನನ್ನ ಅಂಗಿ ಒಗೆಯುವಾಗೆಲ್ಲ ಅದನ್ನು ತೆಗೆದು ಕಿಟಕಿಯ ಸರಳಿಗೆ ಅಂಟಿಸಿಟ್ಟು, "ನನ್ನ ಮದ್ವೆ ಆಗೋವಾಗ್ಲೂ ಇದನ್ನ ತಾಗ್ಸಿ ನೋಡಿದ್ರಾ ಹೆಂಗೆ?" ಎಂದು ಕೇಳುತ್ತಾಳೆ. ಅನುಮಾನ ನನಗೆ ಹುಟ್ಟುಗುಣ. ಅದನ್ನು ಮುಚ್ಚಿಟ್ಟುಕೊಂಡು ಬರೆದರೆ ಈ ಬರಹವೂ ಒಂದು ಮೋಸವೇ ಆಗುತ್ತದೆ.

ನಮ್ಮದು ಕ್ಯಾಲನೂರು ಕಡೆಯ ಹಳ್ಳಿ. ರಾಗಿ, ಒಂದಿಷ್ಟು ತರಕಾರಿ, ಅದಕ್ಕಿಂತ ಹೆಚ್ಚಾಗಿ ರೇಷ್ಮೆ ಹುಳು. ಹುಳು ಸಾಕುವ ಮನೆ ನಮ್ಮ ವಾಸದ ಮನೆಗೆ ಅಂಟಿಕೊಂಡೇ ಇದೆ. ಹಿಪ್ಪುನೇರಳೆ ತೋಟ ಮಾತ್ರ ಮೂರು ಕಿಲೋಮೀಟರು ದೂರ, ಕೆರೆಯ ಕೆಳಗೆ. ಅಲ್ಲಿಂದ ಸೊಪ್ಪು ತರಲು ಹಳೆಯ ಡೀಸೆಲ್ ಪಿಕಪ್ ಒಂದಿದೆ. ನನಗಿಂತ ಮೊದಲು ಅದಕ್ಕೆ ಇಬ್ಬರು ಯಜಮಾನರಿದ್ದರು. ಇಬ್ಬರೂ ನನಗೆ ಟೋಪಿ ಹಾಕಿದರು ಎಂದೇ ನನ್ನ ನಂಬಿಕೆ.

ತೋಟದ ಪಕ್ಕದ ಜಮೀನು ನಮ್ಮಣ್ಣನದು. ಅವನದು ಟೊಮೆಟೊ. ಅಲ್ಲೇ ತೋಟದ ಮನೆ ಕಟ್ಟಿಕೊಂಡು ಅತ್ತಿಗೆಯ ಜೊತೆ ಇದ್ದಾನೆ. ಟೊಮೆಟೊ ಅಂದ ಮೇಲೆ ಔಷಧಿ ಹೊಡೆಯಲೇಬೇಕು. ಹುಳು ಅಂದ ಮೇಲೆ ಔಷಧಿಯ ಗಾಳಿಯೂ ತಾಗಬಾರದು. ಇದನ್ನು ತಿಳಿದೇ ಅಪ್ಪ ಪಾಲು ಮಾಡುವಾಗ ನಮ್ಮಿಬ್ಬರಿಗೂ ಒಂದು ಕಟ್ಟು ಮಾಡಿದ್ದ: ಔಷಧಿ ಹೊಡೆಯುವ ಹಿಂದಿನ ದಿನ ಅಣ್ಣ ಬದುವಿನ ಮೇಲಿನ ಹೊಂಗೆ ಮರಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಕಂಡ ತಕ್ಷಣ ನಾನು ಎರಡು ದಿನಕ್ಕಾಗುವಷ್ಟು ಸೊಪ್ಪು ಕೊಯ್ದುಕೊಂಡು ಹೋಗಬೇಕು. ಆಮೇಲೆ ಒಂದು ವಾರ ಆ ಕಡೆಯ ಸಾಲುಗಳನ್ನು ನಾನು ಮುಟ್ಟುತ್ತಿರಲಿಲ್ಲ. ಅತ್ತಿಗೆಯ ಹಳೆಯ ಸೀರೆಯ ಸೆರಗು ಆ ಮರದಲ್ಲಿ ಎಷ್ಟೋ ವರ್ಷ ಹಾಗೆ ಹಾರಾಡಿದೆ. ಆ ಬಟ್ಟೆ ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ.

ಹೋದ ಸಲದ ಬೆಳೆಯಲ್ಲಿ ಮಾತ್ರ ಎಲ್ಲ ಕೆಟ್ಟಿತು. ರೇಷ್ಮೆ ಹುಳುವಿಗೆ ನಾಲ್ಕು ಜ್ವರ ಬರುತ್ತದೆ. ಜ್ವರ ಅಂದರೆ ಮೈ ಸುಡುವುದಲ್ಲ, ಮೇವು ಬಿಟ್ಟು, ತಲೆ ಎತ್ತಿಕೊಂಡು ಮಲಗಿ, ಪೊರೆ ಬಿಡುವುದು. ನಾಲ್ಕನೇ ಜ್ವರ ಎದ್ದ ಮೇಲೆ ಅವು ತಿನ್ನುವ ಸದ್ದು ಕೇಳಬೇಕು, ಹಂಚಿನ ಮೇಲೆ ಮಳೆ ಬಿದ್ದ ಹಾಗಿರುತ್ತದೆ. ಆ ಸಲ ಎದ್ದ ಮೂರನೇ ದಿನ ಬಾಗಿಲು ತೆಗೆದರೆ ಸದ್ದೇ ಇಲ್ಲ. ಹಾಕಿದ ಸೊಪ್ಪು ಹಾಕಿದ ಹಾಗೇ ಬಾಡಿತ್ತು. ಹುಳುಗಳು ತಲೆ ಮೇಲೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಎರಡು ದಿನದಲ್ಲಿ ಮುಕ್ಕಾಲು ಪಾಲು ಕುಗ್ಗಿ ಸತ್ತುಹೋದವು. ನಮ್ಮವಳು ತಟ್ಟೆ ತಟ್ಟೆ ಹುಳು ತೆಗೆದು ಗುಂಡಿಗೆ ಸುರಿಯುತ್ತ ಅತ್ತಳು. ನಾನು ಅಳಲಿಲ್ಲ. ನನಗೆ ಯಾರು ಮಾಡಿದ್ದು ಅಂತ ಗೊತ್ತಾಗಬೇಕಿತ್ತು.

ಹೊಂಗೆ ಮರದಲ್ಲಿ ಎಂಟು ದಿನದಿಂದ ಬಟ್ಟೆ ಇರಲಿಲ್ಲ. ಅಂದರೆ ಕದ್ದು ಹೊಡೆದಿದ್ದಾನೆ. ಇಷ್ಟೇ ನನ್ನ ಲೆಕ್ಕ. ಸೀದಾ ಅಣ್ಣನ ತೋಟಕ್ಕೆ ಹೋದೆ. ಟೊಮೆಟೊ ಕೀಳಲು ಬಂದಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ನಿನ್ನ ಔಷಧಿ ನನ್ನ ಹುಳ ತಿಂತು! ಅಪ್ಪ ಇದ್ದಿದ್ರೆ ಹಿಂಗ್ ಮಾಡ್ತಿದ್ಯಾ ನೀನು?" ಎಂದು ಕೂಗಾಡಿದೆ.

ಅಣ್ಣ ಕ್ರೇಟು ಕೆಳಗಿಟ್ಟ. "ನಾನು ಹೊಡ್ದಿಲ್ಲ ಕಣೋ" ಅಂದ, ಅಷ್ಟೇ. ಸರಿಯಾಗಿ ಜಗಳವನ್ನಾದರೂ ಆಡಬಾರದೇ? ತಪ್ಪು ಮಾಡಿದವನೇ ಸುಮ್ಮನಿರುತ್ತಾನೆ ಅಂತ ನನಗೆ ಇನ್ನೂ ಖಾತ್ರಿಯಾಯಿತು. ಅವತ್ತಿನಿಂದ ಮಾತು ಬಿಟ್ಟೆ.

ಅದಕ್ಕಿಂತ ತಿಂಗಳ ಹಿಂದೆ ಅವನೇ ಬದುವಿನಾಚೆಯಿಂದ ಒಂದು ಮಾತು ಹೇಳಿದ್ದ: "ಲೇ, ನಿನ್ ಗಾಡಿ ಮೈಯೆಲ್ಲ ಹೊಗೆ ಬಿಡ್ತೈತೆ ಕಣೋ. ಯಾರಿಗಾದ್ರೂ ತೋರ್ಸು." ಸ್ವಂತ ಗಾಡಿ ಇಲ್ಲದವನ ಹೊಟ್ಟೆಯುರಿ ಅಂದುಕೊಂಡು ನಾನು ಬೇಕೆಂದೇ ಆಕ್ಸಿಲರೇಟರ್ ಒತ್ತಿ ಅವನ ಮುಂದೆಯೇ ಹೋಗಿದ್ದೆ.

ಈಗ ಹೊಸ ಬೆಳೆ. ಹುಳು ಎರಡನೇ ಜ್ವರದಲ್ಲಿದ್ದವು. ಚಿಕ್ಕ ಹುಳುವಿಗೆ ಬೇಕಾಗುವ ಎಳೆ ಸೊಪ್ಪನ್ನು ಬೈಕಿನಲ್ಲೇ ತರುತ್ತಿದ್ದೆ. ಮೂರನೇ ಜ್ವರ ಎದ್ದರೆ ಬೈಕಿನ ಸೊಪ್ಪು ಎಲ್ಲಿಗೂ ಸಾಲದು, ಪಿಕಪ್ಪೇ ಬೇಕು. ಪಿಕಪ್ಪೋ, ಸ್ಟಾರ್ಟ್ ಮಾಡಿದರೆ ಊರ ನಾಯಿಗಳೆಲ್ಲ ಎದ್ದು ನಿಲ್ಲುವ ಹಾಗೆ ಬಡಕೊಳ್ಳುತ್ತಿತ್ತು. ಎಫ್‌ಸಿ ತಪಾಸಣೆ ಬೇರೆ ಹತ್ತಿರ ಬಂದಿತ್ತು, ಈ ಸದ್ದಿಗೆ ಯಾವ ಇನ್ಸ್‌ಪೆಕ್ಟರೂ ಸಹಿ ಹಾಕುವುದಿಲ್ಲ. "ಈ ಗಾಡೀಲಿ ಕೂತ್ರೆ ನಂಗೆ ತಲೆ ಸುತ್ತುತ್ತೆ, ನಾನು ಬರಲ್ಲ" ಎಂದು ನಮ್ಮವಳು ತೋಟಕ್ಕೆ ಬರುವುದನ್ನೇ ನಿಲ್ಲಿಸಿದ್ದಳು. ಕೆಲಸ ತಪ್ಪಿಸಿಕೊಳ್ಳಲು ನೆಪ ಅಂತ ನಾನು ಅಂದುಕೊಂಡೆ. ಏನೇ ಇರಲಿ, ಐದಾರು ದಿನದೊಳಗೆ ಹೊಸ ಸೈಲೆನ್ಸರ್ ಹಾಕಿಸಲೇಬೇಕಿತ್ತು. ಈ ಬೆಳೆಯೂ ಹೋದರೆ ಹುಳು ಸಾಕುವುದನ್ನೇ ಬಿಡೋಣ ಎಂದು ಅವಳು ಹೇಳಿಬಿಟ್ಟಿದ್ದಳು.

ಮೊದಲು ಕೋಲಾರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಆಚೆ ಒಂದು ಬಿಡಿಭಾಗದ ಅಂಗಡಿ. ಯಜಮಾನ ಹಣೆಗೆ ದೊಡ್ಡದಾಗಿ ವಿಭೂತಿ ಇಟ್ಟುಕೊಂಡಿದ್ದ, ಅದೇ ನನಗೆ ಹಿಡಿಸಲಿಲ್ಲ. ಉದ್ದದ ರಟ್ಟಿನ ಪೆಟ್ಟಿಗೆಯಿಂದ ಸೈಲೆನ್ಸರ್ ತೆಗೆದು ಮೇಜಿನ ಮೇಲಿಟ್ಟ. "ಕಂಪ್ನಿದಲ್ಲ, ಆದ್ರೆ ಅದೇ ಅಳತೆ. ಸ್ಟೇನ್‌ಲೆಸ್. ಐದು ವರ್ಷ ಏನೂ ಆಗಲ್ಲ" ಅಂದ. ಪೆಟ್ಟಿಗೆಯ ಮೇಲೆ ಮಿಂಚುವ ಹೋಲೊಗ್ರಾಂ ಚೀಟಿ. ಅದರ ಒಂದು ಮೂಲೆ ಎದ್ದಿತ್ತು. ನಿನ್ನೆ ರಾತ್ರಿ ಅಂಟಿಸಿದ್ದಿರಬೇಕು! ಜೇಬಿನಿಂದ ಅಯಸ್ಕಾಂತ ತೆಗೆದು ತಾಗಿಸಿದೆ. ಟಪ್ಪೆಂದು ಅಂಟಿತು.

"ಇದೇನು ಸ್ವಾಮಿ ನಿಮ್ಮ ಸ್ಟೇನ್‌ಲೆಸ್ಸು?"

"ಸೈಲೆನ್ಸರಿಗೆ ಹಾಕೋ ಸ್ಟೇನ್‌ಲೆಸ್ ಬೇರೆ ಸಾರ್, ಅದು ಅಂಟುತ್ತೆ."

"ಓಹೋ! ಪಾತ್ರೆಗೆ ಒಂದು, ಸೈಲೆನ್ಸರಿಗೆ ಒಂದು! ನನ್ನ ಕಿವಿಗೆ ಹೂವ ಇಡಕ್ಕೆ ಬಂದ್ರಾ?"

ಆತನಿಗೆ ನಗು ಬಂತು. ಆ ನಗುವೂ ಕಳ್ಳನ ನಗುವಿನಂತೆಯೇ ಕಂಡಿತು. ಅಯಸ್ಕಾಂತವನ್ನು ಜೇಬಿಗಿಳಿಸಿ ಎದ್ದು ಬಂದೆ.

ಲಕ್ಕೂರಿನಲ್ಲಿ ನಮ್ಮವಳ ಕಡೆಯ ನೆಂಟನೊಬ್ಬ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. ಮಾಲೂರಿನಲ್ಲಿ ಒಬ್ಬ ಭಾರಿ ಸೈಲೆನ್ಸರ್ ಹಾಕುತ್ತಾನೆ, ತನ್ನ ಹೆಸರು ಹೇಳಿ ಎಂದ. ಹೆಸರು ಹೇಳಲು ಯಾಕೆ ಹೇಳಿದ? ಇವನಿಗೇನೋ ಕಮಿಷನ್ ಇರಬೇಕು. ಹೆಸರು ಹೇಳದೆಯೇ ಹೋದೆ. ಅಂಗಡಿಯವನು ಕನ್ನಡಕ ತಲೆಯ ಮೇಲೇರಿಸಿಕೊಂಡಿದ್ದ, ಗಡ್ಡವನ್ನು ಗೆರೆ ಎಳೆದ ಹಾಗೆ ಕತ್ತರಿಸಿಕೊಂಡಿದ್ದ. "ಅಂಕಲ್, ಫ್ರೀ ಫ್ಲೋ ಹಾಕ್ಸಿ. ಹೊಗೆ ಸಲೀಸಾಗಿ ಹೊರಗೆ ಹೋಗುತ್ತೆ, ಇಂಜಿನ್ ಹಗುರ ಆಗುತ್ತೆ. ಎಳೆತ ಜಾಸ್ತಿ, ಮೈಲೇಜೂ ಜಾಸ್ತಿ" ಎಂದು ಫೋನಿನಲ್ಲಿ ವಿಡಿಯೋ ತೋರಿಸಿದ. ನನ್ನದೇ ಥರದ ಒಂದು ಪಿಕಪ್ಪು ಕಾಡುಹಂದಿಯ ಹಾಗೆ ಗುರುಗುಟ್ಟುತ್ತಿತ್ತು.

ಅಲ್ಲೇ ಬಿದ್ದಿದ್ದ ಒಂದು ಕಡ್ಡಿಯನ್ನು ಆ ಕೊಳವೆಯೊಳಗೆ ತೂರಿಸಿದೆ. ಈ ಕಡೆಯಿಂದ ಹಾಕಿದ್ದು ಆ ಕಡೆಯಿಂದ ಬಂತು, ನಡುವೆ ಏನೂ ಇಲ್ಲ.

"ಇದು ಸೈಲೆನ್ಸರ್ರೋ, ಬೋರ್‌ವೆಲ್ ಪೈಪೋ?"

"ಅದೇ ಅಂಕಲ್ ಸ್ಪೆಷಲ್ಲು."

"ಎಫ್‌ಸಿಗೆ ಹೋದ್ರೆ?"

"ಆ ಒಂದಿನ ಹಳೇದು ಹಾಕ್ಕೊಂಡು ಹೋಗಿ."

ಅಬ್ಬಬ್ಬಾ! ಇಷ್ಟು ಬಾಯಿಬಿಟ್ಟು ಮೋಸ ಹೇಳಿಕೊಟ್ಟವನನ್ನು ನಾನು ನೋಡಿರಲಿಲ್ಲ. ಒಂದು ಲೆಕ್ಕಕ್ಕೆ ಆ ಅಂಗಡಿಯಲ್ಲೇ ನನಗೆ ನೆಮ್ಮದಿಯಾಯಿತು, ಅಲ್ಲಿ ಅನುಮಾನ ಪಡುವ ಅಗತ್ಯವೇ ಇರಲಿಲ್ಲ.

ಮರುದಿನ ಮುಳಬಾಗಿಲಿನ ಹೆದ್ದಾರಿ ಬದಿಯ ಗುಜರಿ. ಅಪಘಾತದ ಗಾಡಿಗಳನ್ನು ಬಿಚ್ಚಿ ಮಾರುವ ಜಾಗ. ಅಲ್ಲಿನವನ ಮಾತಿನಲ್ಲಿ ಅರ್ಧ ತೆಲುಗು. "ಚೂಡಣ್ಣಾ, ಒರಿಜಿನಲ್ ಕಂಪ್ನಿದಿ, ಆರು ತಿಂಗ್ಳು ಕೂಡ ಓಡಿಲ್ಲ" ಎಂದು ಬೆಳ್ಳಿ ಬಣ್ಣದಲ್ಲಿ ಫಳಫಳ ಹೊಳೆಯುವ ಸೈಲೆನ್ಸರನ್ನು ಎತ್ತಿ ಕೊಟ್ಟ. ಆರು ತಿಂಗಳು ಓಡದ ಸೈಲೆನ್ಸರಿಗೆ ಬಣ್ಣ ಯಾಕೆ ಹೊಡೆಯಬೇಕು? ಬೀಗದ ಕೈಯಿಂದ ಕೆರೆದೆ. ಬೆಳ್ಳಿ ಕೆಳಗೆ ಕೆಂಪು ತುಕ್ಕು. ಎತ್ತಿ ಅಲ್ಲಾಡಿಸಿದೆ. ಒಳಗೆ ಏನೋ ಗಲಗಲ ಎಂದಿತು. "ಅದಿ ಏಂ ಲೇದಣ್ಣಾ" ಅಂದ. ಏನೂ ಇಲ್ಲದ್ದು ಹೇಗೆ ಗಲಗಲ ಅನ್ನುತ್ತದೆ? ಅಲ್ಲಿಗೆ ಮೂರು ದಿನ ಕಳೆದಿತ್ತು. ಮನೆಗೆ ಬಂದರೆ ನಮ್ಮವಳು, "ಹುಳ ಮೂರನೇ ಜ್ವರಕ್ಕೆ ಕೂತ್ವು" ಅಂದಳು.

ಈ ಓಡಾಟದ ನಡುವೆಯೇ ತೋಟದಲ್ಲಿ ಇನ್ನೊಂದು ಕಂಡೆ. ಅಣ್ಣ ಹೊಸ ಟೊಮೆಟೊ ನಾಟಿ ಮಾಡಿದ್ದ. ನನ್ನ ಹಿಪ್ಪುನೇರಳೆಗೆ ಹೊಂದಿಕೊಂಡ ನಾಲ್ಕು ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದ. ಉತ್ತು, ಸಾಲು ಹೊಡೆದು, ಗೊಬ್ಬರವನ್ನೂ ಹಾಕಿ, ಸಸಿ ಮಾತ್ರ ಇಟ್ಟಿರಲಿಲ್ಲ. ಒಂದು ಗೇಣು ನೆಲವನ್ನೂ ವ್ಯರ್ಥ ಬಿಡದ ಮನುಷ್ಯ ಅವನು. ಏನಿದರ ಮರ್ಮ? ಗಾಡಿ ದಾರಿ ಮಾಡಿಕೊಂಡು ಆಮೇಲೆ ನನ್ನ ಬದುವನ್ನು ಒತ್ತುವ ಹುನ್ನಾರವೇ ಇರಬೇಕು. ನಾಲ್ಕು ಮೂಲೆಯಿಂದಲೂ ಫೋಟೊ ತೆಗೆದುಕೊಂಡೆ. ಮನೆಗೆ ಬಂದು ಟ್ರಂಕಿನಿಂದ ಸರ್ವೆ ನಕ್ಷೆಯನ್ನೂ ತೆಗೆದಿಟ್ಟೆ. "ಮೊದ್ಲು ಸೈಲೆನ್ಸರ್ ತನ್ನಿ, ಆಮೇಲೆ ಕೋರ್ಟಿಗೆ ಹೋಗಿ" ಎಂದು ನಮ್ಮವಳು ರೇಗಿದಳು.

ಕೊನೆಗೆ ಪಿಕಪ್ಪನ್ನೇ ಓಡಿಸಿಕೊಂಡು ಶ್ರೀನಿವಾಸಪುರಕ್ಕೆ ಹೋದೆ. ಮಾವಿನ ಕಾಲ, ಮಂಡಿಯ ಕಡೆಗೆ ಸಾಲುಗಟ್ಟಿದ ಗಾಡಿಗಳು. ಅವುಗಳಿಗೆಲ್ಲ ಬಾಡಿ ಕಟ್ಟುವುದು, ಬೆಸೆಯುವುದು ಒಬ್ಬ ಸಾಬರ ವೆಲ್ಡಿಂಗ್ ಅಂಗಡಿಯಲ್ಲಿ. ಎಲ್ಲರೂ ಅವರನ್ನು ಭಾಯ್ ಅನ್ನುತ್ತಾರೆ. ವಯಸ್ಸಾದವರು, ಹುಬ್ಬೆಲ್ಲ ಕಿಡಿ ಹಾರಿ ಅಲ್ಲಲ್ಲಿ ಸುಟ್ಟಿತ್ತು. ಸೈಲೆನ್ಸರ್ ತೋರಿಸಿ ಎಂದೆ. ತೋರಿಸಲಿಲ್ಲ.

"ಹೊಸಾದು ಆಮೇಲೆ ನೋಡೋಣ ಅಣ್ಣಾ. ಹಳೇದು ಎಲ್ಲಿ ಹೋಗಿದೆ ಅಂತ ನೋಡಿದ್ರಾ?"

ಇಲ್ಲ. ಮೂರು ಊರಿನ ಸೈಲೆನ್ಸರುಗಳೊಳಗೆ ಇಣುಕಿದ್ದ ನಾನು ನನ್ನ ಗಾಡಿಯ ಕೆಳಗೆ ಒಂದು ಸಲವೂ ಬಗ್ಗಿರಲಿಲ್ಲ. ಭಾಯ್ ಗೋಣಿ ಹಾಸಿಕೊಂಡು ಕೆಳಗೆ ಮಲಗಿದರು. "ಕೆಳಗಡೆ ಚೆನ್ನಾಗೇ ಕಾಣುತ್ತೆ" ಅಂದರು. ಈಗ ಇವರು ಏನು ಆಟ ಕಟ್ಟುತ್ತಾರೋ ಎಂದು ನಾನು ಕೈಕಟ್ಟಿ ನಿಂತಿದ್ದೆ. ಒದ್ದೆ ಬಟ್ಟೆಯೊಂದನ್ನು ಹೊಗೆ ಕೊಳವೆಯ ಬಾಯಿಗೆ ತುರುಕಿ, "ಸ್ಟಾರ್ಟ್ ಮಾಡಿ" ಅಂದರು. ಮಾಡಿದೆ. "ಇಳಿದು ಬನ್ನಿ, ಇಲ್ಲಿ ನೋಡಿ."

ಹೊಗೆ ಗಾಡಿಯ ಹಿಂದಿನಿಂದ ಬರುತ್ತಿರಲಿಲ್ಲ, ಕೆಳಗಿನಿಂದಲೂ ಬರುತ್ತಿರಲಿಲ್ಲ. ಸೊಪ್ಪು ತುಂಬುವ ಜಾಗದಲ್ಲಿ, ತಳದ ತಗಡಿನ ನಾಲ್ಕೈದು ತುಕ್ಕು ತೂತುಗಳಿಂದ, ಒಲೆಯಿಂದ ಎದ್ದ ಹಾಗೆ ಮೇಲಕ್ಕೆ ಏಳುತ್ತಿತ್ತು. ಸೈಲೆನ್ಸರಿನ ಡ್ರಮ್ಮಿನ ಮೇಲ್ಮೈ ಪೂರಾ ತಿಂದುಹೋಗಿತ್ತು. ಕೆಳಗೆ ಬಗ್ಗಿದವರಿಗೂ ಕಾಣದ ಜಾಗ.

ಭಾಯ್ ಗಾಡಿಯ ಮೂಲೆಯಲ್ಲಿ ಮಡಿಸಿಟ್ಟಿದ್ದ ನನ್ನ ಟಾರ್ಪಾಲನ್ನು ಬಿಚ್ಚಿ ಮಗುಚಿದರು. ಒಳಮೈಯಲ್ಲಿ ಅಂಗೈಯಗಲದ ಕಪ್ಪು ಕಲೆಗಳು, ತೂತುಗಳಿದ್ದ ಕಡೆಗೆ ಸರಿಯಾಗಿ. ಬೆರಳಿನಿಂದ ಒರೆಸಿ ತೋರಿಸಿದರು, ಮಸಿ.

"ಏನು ಹಾಕ್ತೀರಾ ಈ ಗಾಡೀಲಿ?"

"ಹಿಪ್ಪುನೇರಳೆ ಸೊಪ್ಪು" ಅಂದೆ.

ಅವರು ಮಸಿಯಾದ ಬೆರಳನ್ನು ಗೋಣಿಗೆ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ನನ್ನ ಹೆಂಡ್ತಿ ತೌರಲ್ಲೂ ಹುಳ ಸಾಕ್ತಾರೆ ಅಣ್ಣಾ. ಆ ಮನೆ ಹತ್ರ ನನಗೆ ಒಂದು ಬೀಡಿ ಸೇದೋಕೂ ಬಿಡಲ್ಲ" ಅಂದರು.

ನಾನು ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟೆ. ತೋಟದಿಂದ ಮನೆಗೆ ಬರುವ ದಾರಿಯುದ್ದಕ್ಕೂ ಟೊಮೆಟೊ ತೋಟಗಳು. ಯಾರ ಔಷಧಿಯೂ ತಾಗಬಾರದೆಂದು ನಾನು ಸೊಪ್ಪಿಗೆ ಟಾರ್ಪಾಲು ಹೊದಿಸಿ, ನಾಲ್ಕು ಕಡೆಯೂ ಹಗ್ಗ ಬಿಗಿದು, ಗಾಳಿ ಆಡದ ಹಾಗೆ ಕಟ್ಟಿ ತರುತ್ತಿದ್ದೆ. ಬೇರೆ ಯಾವ ರೈತನೂ ಅಷ್ಟು ಬಿಗಿದು ಕಟ್ಟುವುದಿಲ್ಲ. ಅವರೆಲ್ಲ ಒಂದು ಒದ್ದೆ ಗೋಣಿ ಹೊದಿಸಿ ತರುತ್ತಾರೆ. ಊರವರ ವಿಷ ಒಳಗೆ ಬರದಿರಲಿ ಎಂದು ಕಟ್ಟಿದ ಟಾರ್ಪಾಲಿನೊಳಗೆ ಮೂರು ಕಿಲೋಮೀಟರೂ ನನ್ನ ಗಾಡಿಯ ಹೊಗೆಯನ್ನೇ ಸೊಪ್ಪಿಗೆ ಕುಡಿಸಿದ್ದೆ. ಹುಳುಮನೆಗೆ ಹೋಗುವ ಮುಂಚೆ ಕಾಲು ತೊಳೆಯಲಿಲ್ಲ ಅಂತ ಹೆಂಡತಿಯನ್ನು ಬೈದವನು ನಾನು. ಅವಳ ತಲೆಸುತ್ತನ್ನು ನೆಪ ಅಂದವನೂ ನಾನೇ. ಗಾಡಿ ಮೈಯೆಲ್ಲ ಹೊಗೆ ಬಿಡುತ್ತದೆ ಎಂದು ಅಣ್ಣ ಕಂಡಿದ್ದನ್ನು ಕಂಡ ಹಾಗೇ ಹೇಳಿದ್ದ.

ಭಾಯ್ ಫೋನ್ ಮಾಡಿ ಸೈಲೆನ್ಸರ್ ತರಿಸಿದರು. ಮಧ್ಯಾಹ್ನದ ಬಸ್ಸಿನಲ್ಲಿ ಕೋಲಾರದಿಂದ ಉದ್ದದ ರಟ್ಟಿನ ಪೆಟ್ಟಿಗೆ ಬಂತು. ಮೂಲೆ ಎದ್ದ ಅದೇ ಹೋಲೊಗ್ರಾಂ ಚೀಟಿ. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಭಾಯ್ ನೋಡಿ, "ಅಂಟುತ್ತೆ ಅಣ್ಣಾ. ಸೈಲೆನ್ಸರಿಗೆ ಹಾಕೋದು ಅದೇ ಜಾತಿ ಸ್ಟೀಲು, ಬಿಸಿ ತಡಿಯುತ್ತೆ" ಅಂದರು. ವಿಭೂತಿಯವನು ಹೇಳಿದ್ದು ನಿಜ. ಕೈಯನ್ನು ಹೊರಗೆ ತೆಗೆದೆ. ಸಂಜೆಯೊಳಗೆ ಸೈಲೆನ್ಸರ್ ಕೂರಿಸಿ, ಕೊಳವೆಯನ್ನು ಬಾಡಿಯಿಂದ ಆಚೆಗೆ ಒಂದು ಮೊಳ ಉದ್ದ ಮಾಡಿ ನೆಲದ ಕಡೆ ಬಗ್ಗಿಸಿ, ತಳಕ್ಕೆ ಹೊಸ ತಗಡು ಬೆಸೆದು ಕೊಟ್ಟರು. ಟಾರ್ಪಾಲನ್ನು ನಾನು ಅವರ ಅಂಗಡಿಯಲ್ಲೇ ಬಿಟ್ಟು ಬಂದೆ.

ಗಾಡಿ ಈಗ ಸದ್ದಿಲ್ಲದೆ ಓಡುತ್ತಿತ್ತು. ಆ ಮೌನದಲ್ಲಿ ದಾರಿಯೆಲ್ಲ ನನ್ನದೇ ಕೂಗಾಟ ಕಿವಿಯಲ್ಲಿ ಕೇಳುತ್ತಿತ್ತು, ಟೊಮೆಟೊ ಕೀಳುವ ಹೆಂಗಸರ ಮುಂದೆ ಕೂಗಿದ್ದು. ಮನೆಗೆ ಹೋಗಲಿಲ್ಲ. ಹೊತ್ತು ಮುಳುಗುವ ಮುಂಚೆ ಅಣ್ಣನ ತೋಟದ ಮನೆಯ ಮುಂದೆ ನಿಲ್ಲಿಸಿದೆ.

ಅವನು ಡ್ರಿಪ್ ಪೈಪು ಸುತ್ತುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮತ್ತೆ ಜಗಳಕ್ಕೆ ಬಂದೆ ಅಂದುಕೊಂಡಿರಬೇಕು, ಅತ್ತಿಗೆಯೂ ಬಾಗಿಲಿಗೆ ಬಂದು ನಿಂತಳು.

"ಅಣ್ಣಾ, ಹೊಗೆ ನಂದೇ" ಅಂದೆ. "ಸೊಪ್ಪಿಗೆ ತಾಗ್ತಿತ್ತು. ನೀನು ಔಷಧಿ ಹೊಡ್ದಿರ್ಲಿಲ್ಲ."

ಅವನು ಪೈಪು ಕೆಳಗಿಟ್ಟು ಗಾಡಿಯ ಹತ್ತಿರ ಬಂದ. ಸೊಂಟ ಹಿಡಿದುಕೊಂಡು ಬಗ್ಗಿ ಕೆಳಗೆ ನೋಡಿದ. "ಸ್ಟಾರ್ಟ್ ಮಾಡು" ಅಂದ. ಮಾಡಿದೆ. ಹೊಸ ತಗಡಿನ ಮೇಲೆ ಅಂಗೈಯಿಟ್ಟು, ಮೂಗಿಗೆ ಹಿಡಿದು ವಾಸನೆ ನೋಡಿದ. "ಹ್ಞೂ. ಈಗ ಸರಿ ಐತೆ" ಅಂದ.

ನಾನು ಇಂಜಿನ್ ಆರಿಸಿದೆ. ಇನ್ನು ಕೇಳದೆ ಇರಲಾಗಲಿಲ್ಲ. "ಆ ನಾಲ್ಕು ಸಾಲು ಯಾಕೆ ಖಾಲಿ ಬಿಟ್ಟಿದ್ದೀಯ?"

ಅಣ್ಣ ನನ್ನ ಮುಖ ನೋಡಲಿಲ್ಲ, ಬದುವಿನ ಕಡೆ ನೋಡಿದ.

"ನೀನು ಅಷ್ಟು ಜೋರಾಗಿ ಹೇಳ್ದಲ್ಲೋ. ನಾನು ಹೊಡ್ದಿಲ್ಲ ಅಂತ ಗೊತ್ತಿತ್ತು. ಆದ್ರೂ ದಿನಾ ಯೋಚ್ನೆ ಮಾಡಿ ಮಾಡಿ ನಂಗೆ ನನ್ಮೇಲೇ ಅನುಮಾನ ಬಂತು. ಹಿಂದಿನ ಸಲ ಹೊಡ್ದಿದ್ದೇ ಎಲ್ಲೋ ಎಲೆ ಮೇಲೆ ಉಳ್ಕೊಂಡಿತ್ತೋ ಏನೋ ಅಂತ. ಇನ್ಮೇಲೆ ದೂರಾನೇ ಇರ್ಲಿ ಅಂತ ಬಿಟ್ಟೆ."

ನನ್ನ ಜೇಬಿನಲ್ಲಿ ಅಯಸ್ಕಾಂತವಿತ್ತು, ಫೋನಿನಲ್ಲಿ ಆ ನಾಲ್ಕು ಸಾಲಿನ ನಾಲ್ಕು ಫೋಟೊಗಳಿದ್ದವು. ತಪ್ಪಾಯ್ತು ಅಂತ ಹೇಳಬೇಕೆಂದು ಬಾಯಿ ತೆರೆದೆ.

"ಹುಳ ಯಾವ ಜ್ವರದಲ್ಲಿ ಅವೆ?" ಎಂದು ಅಣ್ಣ ಕೇಳಿದ.

"ಮೂರನೇದು. ನಾಳೆ ಬೆಳಿಗ್ಗೆ ಏಳ್ತವೆ."

"ಹಂಗಾದ್ರೆ ಎದ್ದ ತಕ್ಷಣ ಹಸ್ಕೊಂಡಿರ್ತವೆ. ಬೆಳಿಗ್ಗೆ ಬೇಗ ಬಾ, ನಾನೂ ಸೊಪ್ಪು ಕೊಯ್ತೀನಿ" ಎಂದು ಹೇಳಿ, ಬಿಟ್ಟಿದ್ದ ಪೈಪನ್ನು ಮತ್ತೆ ಸುತ್ತತೊಡಗಿದ.